ಪ್ರಯಾಣದಲ್ಲಿ ಕಮ್ಮಿ ದುಡ್ಡಲ್ಲಿ ಒಳ್ಳೆ ಊಟ ಹುಡುಕೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಊರಿಗೆ ಹೊರಟಾಗ ರೂಮು, ಟಿಕೆಟ್ಟು ಎಲ್ಲಾ ಅಳೆದು ತೂಗಿ ಮುಂಚೆನೇ ಬುಕ್ ಮಾಡ್ತೀವಿ, ಊಟದ ವಿಷ್ಯ ಬಂದಾಗ ಮಾತ್ರ "ಅಲ್ಲೇ ಎಲ್ಲಾದ್ರೂ ತಿನ್ಕೊಂಡ್ರಾಯ್ತು ಬಿಡು" ಅಂತೀವಿ. ಟ್ರಿಪ್ ಮುಗಿಸಿ ಬಂದು ಲೆಕ್ಕ ಹಾಕಿದ್ರೆ ದುಡ್ಡು ಸೋರಿರೋದು ಅಲ್ಲೇ, ಅದ್ರ ಮೇಲೆ ಊಟನೂ ಚೆನ್ನಾಗಿರ್ಲಿಲ್ಲ ಅಂತ ಗೊಣಗಾಟ ಬೇರೆ. ಇದ್ರ ಬಗ್ಗೆ ಜನ ಮತ್ತೆ ಮತ್ತೆ ಕೇಳೋ ಪ್ರಶ್ನೆಗಳು ಇಲ್ಲಿವೆ.

ಎಲ್ಲಾ ಓದೋಕೆ ಟೈಮಿಲ್ಲ, ಒಂದೇ ಒಂದು ಸೂತ್ರ ಹೇಳಿ

ಆ ಹೋಟ್ಲು ನಡೆಯೋಕೆ ನಿನ್ನೆ ಬಂದ ಗಿರಾಕಿ ನಾಳೆನೂ ಬರಬೇಕಾ, ಇಲ್ಲಾ ದಿನಾ ಹೊಸಬ್ರು ಬಂದ್ರೆ ಸಾಕಾ? ಇದೊಂದನ್ನ ಕೇಳ್ಕೊಳ್ಳಿ. ದಿನಾ ಅದೇ ಜನ ಬರೋ ಕಡೆ ರುಚಿ ಕೆಡಿಸೋಕಾಗಲ್ಲ, ರೇಟು ಸಿಕ್ಕಾಪಟ್ಟೆ ಏರ್ಸೋಕೂ ಆಗಲ್ಲ, ಯಾಕಂದ್ರೆ ಪಕ್ಕದ ಬೀದೀಲಿ ಇನ್ನೊಂದು ಹೋಟ್ಲು ಇದ್ದೇ ಇರತ್ತೆ. ದೊಡ್ಡ ಸ್ಮಾರಕದ ಎದುರುಗಡೆ ಇರೋನಿಗೆ ಆ ಚಿಂತೆನೇ ಇಲ್ಲ, ನೀವು ಬೈಕೊಂಡು ಎದ್ದು ಹೋದ್ರೂ ಐದು ನಿಮಿಷದಲ್ಲಿ ಅದೇ ಕುರ್ಚೀಲಿ ಇನ್ನೊಬ್ರು ಕೂತಿರ್ತಾರೆ. ಕೆಳಗಡೆ ಬರೋ ಮುಕ್ಕಾಲು ಉತ್ತರ ಇದೇ ಮಾತಿನ ಬೇರೆ ಬೇರೆ ರೂಪ.

ಟೂರಿಸ್ಟ್ ಜಾಗದಿಂದ ಎಷ್ಟು ದೂರ ಹೋಗ್ಬೇಕು?

ಕಿಲೋಮೀಟರ್‌ಗಟ್ಲೆ ನಡೀಬೇಕು ಅಂತೇನಿಲ್ಲ. ಮೇನ್ ರೋಡಿಂದ ಎರಡು ಮೂರು ಅಡ್ಡರಸ್ತೆ ಒಳಗೆ ಹೋದ್ರೆ ಬಾಡಿಗೆನೂ ಇಳಿಯತ್ತೆ, ಗಿರಾಕಿಗಳೂ ಬದಲಾಗ್ತಾರೆ. ಸಮುದ್ರ ಕಾಣೋ ಟೇಬಲ್ಲು, ಕೋಟೆ ಕಾಣೋ ಮಹಡಿ ಇವಕ್ಕೆಲ್ಲ ನೀವು ಕೊಡೋ ದುಡ್ಡಲ್ಲಿ ಒಂದು ಭಾಗ ನೋಟಕ್ಕೇ ಹೋಗತ್ತೆ, ಅದು ತಪ್ಪೇನಲ್ಲ, ಆದ್ರೆ ಅಲ್ಲಿ ಕಾಫಿನೋ ಜ್ಯೂಸೋ ಏನಾದ್ರೂ ಕುಡಿದು ಕೂತು ನೋಡಿ, ಊಟ ಒಳಗಿನ ಬೀದೀಲಿ ಮಾಡಿ.

ಎಲ್ಲಿ ಕೆಲಸ ಮಾಡೋರು ಜಾಸ್ತಿ ಇರ್ತಾರೋ ಅಲ್ಲಿಗೆ ಹೋಗೋದು ಇನ್ನೂ ಒಳ್ಳೇದು. ಕಾಲೇಜು, ದೊಡ್ಡ ಆಸ್ಪತ್ರೆ, ಸರ್ಕಾರಿ ಆಫೀಸು, ಸಗಟು ಮಾರ್ಕೆಟ್ಟು ಇವುಗಳ ಸುತ್ತಮುತ್ತ ದಿನಾ ಒಂದೇ ಹೊತ್ತಿಗೆ ನೂರಾರು ಜನಕ್ಕೆ ಹಸಿವಾಗತ್ತೆ, ಅವ್ರ ಜೇಬೂ ಅಷ್ಟಕ್ಕಷ್ಟೇ, ಟೈಮೂ ಕಮ್ಮಿ. ಅಂಥವರಿಗೆ ಊಟ ಹಾಕೋ ಹೋಟ್ಲುಗಳು ಫಟಾಫಟ್ ಕೊಡ್ತಾವೆ, ಹೊಟ್ಟೆ ತುಂಬ ಕೊಡ್ತಾವೆ. ಅಲಂಕಾರ ಗಿಲಂಕಾರ ಕೇಳ್ಬೇಡಿ ಅಷ್ಟೇ. ಒಂದು ವಿಷ್ಯ ನೆನಪಿಟ್ಕೊಳ್ಳಿ, ಆಫೀಸ್ ಏರಿಯಾ ರಜಾ ದಿನ ಭಣಭಣ ಅಂತಿರತ್ತೆ, ಭಾನುವಾರ ಅಲ್ಲಿಗೆ ಹೋಗಿ ಬಾಗಿಲು ಹಾಕಿದೆ ಅಂತ ನನ್ನ ಬೈಬೇಡಿ.

ಆನ್‌ಲೈನ್ ರೇಟಿಂಗ್ ನಂಬಬಹುದಾ?

ನಂಬಬಹುದು, ಆದ್ರೆ ಸ್ಟಾರ್ ಒಂದನ್ನೇ ನೋಡಿ ಅಲ್ಲ. ಮೊದ್ಲು ಎಷ್ಟು ಜನ ರೇಟಿಂಗ್ ಕೊಟ್ಟಿದಾರೆ ನೋಡಿ. ಮೂವತ್ತು ಜನ ಸೇರಿ 4.9 ಕೊಟ್ಟಿರೋ ಕಡೆಗಿಂತ ಎರಡು ಸಾವಿರ ಜನ ಸೇರಿ 4.3 ಕೊಟ್ಟಿರೋ ಕಡೆ ನಂಗೆ ಧೈರ್ಯ ಜಾಸ್ತಿ, ಮೂವತ್ತು ಜನ ಅಂದ್ರೆ ಓನರ್ ಕಡೆಯ ನೆಂಟರಿಷ್ಟರೇ ಆಗಿಬಿಡಬಹುದು.

ಆಮೇಲೆ ರಿವ್ಯೂಗಳನ್ನ ಹೊಸದು ಮೊದಲು ಬರೋ ಹಾಗೆ ಜೋಡಿಸ್ಕೊಳ್ಳಿ, ಮ್ಯಾಪ್ ಆಪ್‌ಗಳಲ್ಲಿ ಆ ಆಪ್ಷನ್ ಇದೆ. ಅಡುಗೆಯೋನು ಬಿಟ್ಟು ಹೋಗಿರ್ತಾನೆ, ಓನರ್ ಬದಲಾಗಿರ್ತಾನೆ, ಹಳೇ ಒಳ್ಳೆ ಹೆಸರಿನ ಮೇಲೆ ರೇಟಿಂಗ್ ಇನ್ನೂ ಹಾಗೇ ಓಡ್ತಿರತ್ತೆ, ಕಳೆದ ಎರಡು ಮೂರು ತಿಂಗಳ ರಿವ್ಯೂ ಓದಿದ್ರೆ ಅದು ಗೊತ್ತಾಗತ್ತೆ. ಐದು ಸ್ಟಾರು, ಒಂದು ಸ್ಟಾರು ಎರಡನ್ನೂ ಬಿಟ್ಟು ಮೂರು ಸ್ಟಾರ್ ಕೊಟ್ಟೋರು ಏನಂದಿದಾರೆ ಅಂತ ನೋಡಿ, ಅವ್ರೇ ಸಾಮಾನ್ಯವಾಗಿ ನಿಜ ಬರೆಯೋದು, "ರುಚಿ ಚೆನ್ನಾಗಿತ್ತು ಆದ್ರೆ ಮುಕ್ಕಾಲು ಗಂಟೆ ಕಾಯಿಸಿದ್ರು" ಅನ್ನೋ ಥರ. ಕಾಯೋದು ನಿಮಗೆ ತೊಂದ್ರೆ ಇಲ್ಲ ಅಂದ್ರೆ ಅದು ಒಳ್ಳೆ ರಿವ್ಯೂನೇ ಆಯ್ತಲ್ಲ. ಒಂದು ಸ್ಟಾರ್ ಕೊಟ್ಟೋರು ಬಹಳ ಸಲ ಪಾರ್ಕಿಂಗ್ ಸಿಗ್ಲಿಲ್ಲ ಅಂತ ಊಟಕ್ಕೆ ಮಾರ್ಕ್ಸ್ ಕಳ್ದಿರ್ತಾರೆ. ಹೊಟ್ಟೆ ಕೆಡ್ತು, ಬಿಲ್ಲಲ್ಲಿ ಮೋಸ ಆಯ್ತು ಅಂತ ಬೇರೆ ಬೇರೆ ಜನ ಬೇರೆ ಬೇರೆ ತಿಂಗಳಲ್ಲಿ ಬರೆದಿದ್ರೆ ಮಾತ್ರ ಆ ಕಡೆ ತಲೆನೂ ಹಾಕ್ಬೇಡಿ.

ಫೋಟೋ ನೋಡೋವಾಗ ಹೋಟ್ಲಿನವರು ಹಾಕಿರೋದನ್ನ ಬಿಟ್ಟು ಗಿರಾಕಿಗಳು ಹಾಕಿರೋದನ್ನ ನೋಡಿ, ಅದ್ರಲ್ಲೂ ಮೆನು ಕಾರ್ಡ್ ಫೋಟೋ ಹುಡುಕಿ, ಹೋಗೋ ಮುಂಚೆನೇ ರೇಟು ಗೊತ್ತಾಗತ್ತೆ, ಫೋಟೋ ಯಾವಾಗ ಹಾಕಿದ್ದು ಅನ್ನೋದನ್ನೂ ನೋಡ್ಕೊಳ್ಳಿ. ಇನ್ನೊಂದು, ಆ ಊರಿನ ಭಾಷೆಯಲ್ಲೇ ಎಷ್ಟು ರಿವ್ಯೂ ಇದೆ ಅನ್ನೋದು ದೊಡ್ಡ ಸುಳಿವು. ಅರ್ಥ ಆಗ್ದಿದ್ರೂ ಪರವಾಗಿಲ್ಲ, ಲಿಪಿ ನೋಡಿದ್ರೆ ಸಾಕು, ಊರಿನವರು ಬರ್ತಾರೋ ಇಲ್ವೋ ತಿಳಿಯತ್ತೆ. ಹುಡುಕೋವಾಗಲೂ "ಊಟ", "ಹೋಟೆಲ್" ಅನ್ನೋದನ್ನ ಆ ಊರಿನ ಭಾಷೆಗೆ ಟ್ರಾನ್ಸ್‌ಲೇಟ್ ಮಾಡ್ಕೊಂಡು ಆ ಲಿಪಿಯಲ್ಲೇ ಟೈಪ್ ಮಾಡಿ, ಇಂಗ್ಲಿಷಲ್ಲಿ ಹುಡುಕಿದಾಗ ಕಾಣದೇ ಇರೋ ಹೋಟ್ಲುಗಳು ಆಗ ಕಾಣಿಸ್ಕೊಳ್ತಾವೆ.

ರೀಲ್ಸಲ್ಲಿ ವೈರಲ್ ಆಗಿರೋ ಜಾಗ?

ಕ್ಯೂ ಇರತ್ತೆ, ರೇಟ್ ಏರಿರತ್ತೆ. ದಾರೀಲೇ ಇದ್ರೆ ಹೋಗಿ, ಅದಕ್ಕೋಸ್ಕರ ಆಟೋ ಹತ್ಬೇಡಿ.

ಹೋಟ್ಲು ಮುಂದೆ ನಿಂತಿದೀನಿ, ಒಳಗೆ ಹೋಗ್ಬೇಕಾ ಬೇಡ್ವಾ ಅಂತ ಹೇಗೆ ಗೊತ್ತಾಗತ್ತೆ?

ಎರಡು ನಿಮಿಷ ಸುಮ್ನೆ ನಿಂತು ನೋಡಿ, ನಾಚಿಕೆ ಪಡ್ಬೇಡಿ. ತಿಂತಿರೋರ ತಟ್ಟೆ ನೋಡಿ. ನಾಲ್ಕು ಟೇಬಲ್ ಪೈಕಿ ಮೂರರಲ್ಲಿ ಒಂದೇ ಐಟಂ ಇದ್ರೆ ಅದೇ ಅಲ್ಲಿನ ಸ್ಪೆಷಲ್ಲು, ಮೆನು ನೋಡೋ ಅವಶ್ಯಕತೆನೇ ಇಲ್ಲ, ಬೆರಳು ತೋರ್ಸಿ ಅದನ್ನೇ ಹೇಳಿ. ತಿಂದು ಎದ್ದ ತಟ್ಟೆ ಖಾಲಿ ಇದ್ಯಾ, ಅರ್ಧಂಬರ್ಧ ಬಿಟ್ಟಿದಾರಾ? ಒಳಗೆ ಬಂದೋನು ಮೆನು ಕೇಳದೇ ಕೂತು, ಸಪ್ಲೈಯರ್ ಕೂಡ ಏನೂ ಕೇಳದೇ ತಂದಿಟ್ಟ ಅಂದ್ರೆ ಅವ್ನು ದಿನದ ಗಿರಾಕಿ. ಗಲ್ಲಾದಲ್ಲಿರೋರು ಹೋಗೋ ಬರೋರ ಹತ್ರ ಹೆಸರು ಹಿಡಿದು ಮಾತಾಡ್ತಿದ್ರೆ ಇನ್ನೇನು ಬೇಕು, ಹೋಗಿ ಕೂತ್ಬಿಡಿ.

ಮೆನು ಚಿಕ್ಕದಿದ್ರೆ ಒಳ್ಳೇದು, ಕೈಯಲ್ಲಿ ಬರೆದು ದಿನಾ ಅಳಿಸಿ ಬರೆಯೋ ಬೋರ್ಡ್ ಇದ್ರೆ ಇನ್ನೂ ಒಳ್ಳೇದು, ಅವತ್ತು ಮಾರ್ಕೆಟ್ಟಲ್ಲಿ ಏನು ಸಿಕ್ತೋ ಅದನ್ನ ಮಾಡಿರ್ತಾರೆ. ಹತ್ತು ದೇಶದ ಅಡುಗೆ, ಇನ್ನೂರು ಐಟಂ, ಪ್ರತಿಯೊಂದಕ್ಕೂ ಫೋಟೋ ಇರೋ ಪುಸ್ತಕ ಕೈಗೆ ಕೊಟ್ರೆ ಅದ್ರಲ್ಲಿ ಅರ್ಧದಷ್ಟು ಫ್ರೀಜರಿಂದ ಬರೋದೇ. ಬಾಗಿಲಲ್ಲಿ ನಿಂತು "ಬನ್ನಿ ಸಾರ್ ಬನ್ನಿ" ಅಂತ ಕೈ ಹಿಡಿದು ಎಳೀತಿದ್ರೆ ಯಾಕೆ ಅಂತ ಯೋಚ್ನೆ ಮಾಡಿ, ಊಟದ ಹೊತ್ತಲ್ಲಿ ತುಂಬಿರೋ ಹೋಟ್ಲಿನವ್ರಿಗೆ ಬಾಗಿಲಿಗೆ ಬರೋಕೆ ಪುರುಸೊತ್ತೆಲ್ಲಿ.

ಹೊರಗಡೆ ರೇಟ್ ಹಾಕಿಲ್ಲ ಅಂದ್ರೆ ಕೂರೋ ಮುಂಚೆ ಕೇಳಿ. ಊರಿನವ್ರಿಗೊಂದು ಮೆನು, ಹೊರಗಿನವ್ರಿಗೊಂದು ಮೆನು ಇಟ್ಟು ಮುಖ ನೋಡಿ ಮಣೆ ಹಾಕೋ ಕಡೆಗಳೂ ಇದಾವೆ.

ಯಾರನ್ನ ಕೇಳ್ಬೇಕು?

ಕೇಳೋ ರೀತಿನೇ ಮುಖ್ಯ. "ಇಲ್ಲಿ ಒಳ್ಳೆ ಹೋಟ್ಲು ಯಾವ್ದು" ಅಂದ್ರೆ ನಿಮ್ಮ ಬಟ್ಟೆ, ಬ್ಯಾಗು ನೋಡಿ ದುಬಾರಿದು, ಎಸಿ ಇರೋದು ಹೇಳ್ತಾರೆ, ಪಾಪ ಅವ್ರ ಪ್ರಕಾರ ಅದೇ ಮರ್ಯಾದೆ. "ನೀವು ಇವತ್ತು ಮಧ್ಯಾಹ್ನ ಎಲ್ಲಿ ಊಟ ಮಾಡಿದ್ರಿ?" ಅಂತ ಕೇಳಿ ನೋಡಿ, ಉತ್ತರನೇ ಬೇರೆ ಬರತ್ತೆ. ಮೆಡಿಕಲ್ ಶಾಪು, ಸ್ಟೇಷನರಿ, ಬಟ್ಟೆ ಅಂಗಡಿ, ಇಂಥ ಕಡೆ ಕೆಲಸಕ್ಕಿರೋರನ್ನ ಕೇಳಿ, ಅವ್ರು ದಿನಾ ಹೊರಗೇ ತಿನ್ನೋರು, ಯಾವ ಹೋಟ್ಲಿಂದ್ಲೂ ಅವ್ರಿಗೆ ಒಂದು ಪೈಸೆ ಬರಲ್ಲ.

ಟ್ಯಾಕ್ಸಿ ಡ್ರೈವರು, ಲಾಡ್ಜ್ ರಿಸೆಪ್ಷನ್ನು, ಗೈಡು, ಇವ್ರಲ್ಲಿ ಒಳ್ಳೆಯವ್ರೇ ಜಾಸ್ತಿ ಇರ್ಬಹುದು, ಆದ್ರೆ ಕಮಿಷನ್ ವ್ಯವಹಾರ ನಡಿಯೋದೂ ಇಲ್ಲೇ. ಕಾರ್ಡೋ ಕೂಪನ್ನೋ ಕೈಗಿಟ್ಟು "ನನ್ ಹೆಸರು ಹೇಳಿ" ಅಂದ್ರೆ ಅರ್ಥ ಮಾಡ್ಕೊಳ್ಳಿ.

ದೊಡ್ಡ ದೊಡ್ಡ ಗೈಡ್‌ಗಳು, ಸ್ಟಾರ್ ಪ್ರಶಸ್ತಿಗಳು ನಮ್ಮಂಥ ಬಜೆಟ್‌ನವ್ರಿಗೆ ಉಪಯೋಗ ಇದ್ಯಾ?

ಇದೆ, ಜನ ಅಂದ್ಕೊಂಡಿರೋದಕ್ಕಿಂತ ಜಾಸ್ತಿನೇ ಇದೆ. ಮಿಶೆಲಿನ್ ಗೈಡ್ (ಒಳ್ಳೆ ಹೋಟ್ಲುಗಳಿಗೆ ಸ್ಟಾರ್ ಕೊಡೋ ಪಟ್ಟಿ) ಅಂದ ತಕ್ಷಣ ಆಸ್ತಿ ಮಾರ್ಬೇಕು ಅಂದ್ಕೋತಾರೆ. ಅದನ್ನ 1900ರಲ್ಲಿ ಫ್ರಾನ್ಸಿನ ಟೈರ್ ಕಂಪನಿ ಕಾರಲ್ಲಿ ಓಡಾಡೋರಿಗೆ ಅಂತ ಶುರು ಮಾಡಿದ್ದು, ಜನ ಜಾಸ್ತಿ ಸುತ್ತಿದ್ರೆ ಟೈರ್ ಸವೆಯತ್ತೆ ಅನ್ನೋ ಲೆಕ್ಕಾಚಾರ. ಅದ್ರಲ್ಲಿ ಸ್ಟಾರ್ ಬಿಟ್ಟು ಬಿಬ್ ಗೂರ್ಮಾಂಡ್ ಅಂತ ಇನ್ನೊಂದು ಗುರುತಿದೆ, 1997ರಿಂದ ಕೊಡ್ತಿದಾರೆ, ಹಿತಮಿತವಾದ ರೇಟಲ್ಲಿ ಒಳ್ಳೆ ಊಟ ಹಾಕೋ ಜಾಗಗಳಿಗೇ ಅಂತ ಇರೋದು. ಹಿತಮಿತ ಅಂದ್ರೆ ಆ ಊರಿನ ಲೆಕ್ಕದಲ್ಲಿ, ನಮ್ಮ ಲೆಕ್ಕದಲ್ಲಿ ಅಲ್ಲ, ಅದು ಗೊತ್ತಿರ್ಲಿ. ಗೈಡ್ ಎಲ್ಲಾ ದೇಶದಲ್ಲೂ ಇಲ್ಲ, ಇರೋ ಕಡೆ ಆಪಲ್ಲಿ ಇದೊಂದೇ ಫಿಲ್ಟರ್ ಹಾಕಿ ನೋಡಿ.

ದುಡ್ಡು ಉಳಿಸೋಕೆ ಮಧ್ಯಾಹ್ನದ ಊಟ ಒಳ್ಳೇದಾ, ರಾತ್ರಿದಾ?

ಮಧ್ಯಾಹ್ನ, ಅನುಮಾನನೇ ಬೇಡ. ಎಷ್ಟೋ ದೊಡ್ಡ ಹೋಟ್ಲುಗಳು ಮಧ್ಯಾಹ್ನ ಫಿಕ್ಸೆಡ್ ಮೀಲ್ಸ್ ಥರ ಕೊಡ್ತಾವೆ, ಅದೇ ಅಡುಗೆಮನೆ, ಅದೇ ಅಡುಗೆಯೋರು, ರಾತ್ರಿಗಿಂತ ರೇಟ್ ಎಷ್ಟೋ ಕಮ್ಮಿ, ಯಾಕಂದ್ರೆ ಮಧ್ಯಾಹ್ನ ಬರೋರು ಆಫೀಸಿನವರು, ಅವ್ರು ಬೇಗ ತಿಂದು ಬೇಗ ಏಳ್ತಾರೆ. ದುಬಾರಿ ಜಾಗದಲ್ಲಿ ಒಂದ್ಸಲ ತಿನ್ಬೇಕು ಅಂತ ಆಸೆ ಇದ್ರೆ ಮಧ್ಯಾಹ್ನಕ್ಕೇ ಇಟ್ಕೊಳ್ಳಿ, ರಾತ್ರಿ ಹಗುರವಾಗಿ ಏನಾದ್ರೂ ತಿಂದು ಮಲ್ಕೊಳ್ಳಿ.

ಟೈಮಿಂಗ್ಸ್ ಮಾತ್ರ ನೋಡ್ಕೊಳ್ಳಿ. ಎಷ್ಟೋ ಊರಲ್ಲಿ ಮಧ್ಯಾಹ್ನ ಊಟ ಮುಗಿದ್ಮೇಲೆ ಅಡುಗೆಮನೆ ಮುಚ್ಚಿ ಸಂಜೆ ಮೇಲೆ ತೆಗೀತಾರೆ. ಆ ನಡುವಿನ ಹೊತ್ತಲ್ಲಿ ತೆಗೆದಿರೋದು ಬಹುತೇಕ ಟೂರಿಸ್ಟ್ ಹೋಟ್ಲುಗಳೇ, ನಾವು ಅಲ್ಲಿ ಇಲ್ಲಿ ಸುತ್ತಿ ಸುಸ್ತಾಗಿ ಹಸಿವು ತಡೀಲಾರದೆ ನಾಲ್ಕು ಗಂಟೆಗೆ ಸಿಕ್ಕಿದ್ದಕ್ಕೆ ನುಗ್ಗೋದೂ ಅಲ್ಲೇ. ಬ್ಯಾಗಲ್ಲಿ ಒಂದು ಹಿಡಿ ಕಡ್ಲೆಬೀಜನೋ ಬಾಳೆಹಣ್ಣೋ ಇದ್ರೆ ಆ ಹೊತ್ತು ದಾಟತ್ತೆ, ಎಷ್ಟೋ ಕೆಟ್ಟ ಬಿಲ್ಲುಗಳು ಇಷ್ಟರಲ್ಲೇ ತಪ್ಪತ್ತೆ.

ಮೆನುಲಿ ಕಮ್ಮಿ ಇತ್ತು, ಬಿಲ್ಲಲ್ಲಿ ಜಾಸ್ತಿ ಬಂತು, ಯಾಕೆ?

ಮೆನು ಕಾರ್ಡಿನ ಕೊನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಏನಿದೆ ಅಂತ ಯಾರೂ ಓದಲ್ಲ, ಅಲ್ಲಿರತ್ತೆ ವಿಷ್ಯ. ಟ್ಯಾಕ್ಸ್ ಸೇರಿದ್ಯಾ ಬೇರೆನಾ, ಸರ್ವಿಸ್ ಚಾರ್ಜ್ ಇದ್ಯಾ, ಕೂತಿದ್ದಕ್ಕೇ ತಲೆಗಿಷ್ಟು ಅಂತ ಇದ್ಯಾ. ಕೆಲವು ಕಡೆ ಒಳಗೆ ಒಂದು ರೇಟು, ಹೊರಗಡೆ ಟೇಬಲ್ಲಿಗೆ ಒಂದು ರೇಟು, ಕೌಂಟರ್ ಹತ್ರ ನಿಂತು ತಿಂದ್ರೆ ಇನ್ನೂ ಕಮ್ಮಿ.

ಆರ್ಡರ್ ಮಾಡದೇ ಟೇಬಲ್ಲಿಗೆ ಬಂದಿದ್ದೆಲ್ಲ ಫ್ರೀ ಅಂದ್ಕೋಬೇಡಿ. ಕೂತ ತಕ್ಷಣ ನಗ್ತಾ ನಗ್ತಾ ಒಂದು ಬುಟ್ಟಿ ಬ್ರೆಡ್ಡು, ಒಂದು ಚಿಕ್ಕ ಬಟ್ಟಲಲ್ಲಿ ನಂಚ್ಕೊಳ್ಳೋಕೆ ಏನೋ, ಸೀಲ್ ಆಗಿರೋ ನೀರಿನ ಬಾಟ್ಲಿ ತಂದಿಡ್ತಾರೆ, ಮಕ್ಕಳು ಕೈ ಹಾಕೇ ಬಿಟ್ಟಿರ್ತಾರೆ, ಆಮೇಲೆ ಬಿಲ್ಲಲ್ಲಿ ಮೂರೂ ಬೇರೆ ಬೇರೆ ಸಾಲಲ್ಲಿ ಬಂದು ಕೂತಿರತ್ತೆ. ಬೇಡ ಅಂದ್ರೆ ಮುಟ್ಟೋ ಮುಂಚೆನೇ "ಇದು ಬೇಡ" ಅಂತ ವಾಪಸ್ ಕಳ್ಸಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ. ಮೀನು, ಮಾಂಸ ತೂಕದ ಲೆಕ್ಕದಲ್ಲಿ ಮಾರೋ ಕಡೆ ಮೆನುಲಿರೋ ಅಂಕಿ ನೂರು ಗ್ರಾಂಗಾ ಇಡೀ ಪ್ಲೇಟಿಗಾ ಅಂತ ಕೇಳಿ, ಬೇಯಿಸೋ ಮುಂಚೆ ತೂಕ ತೋರ್ಸಿ ಒಟ್ಟು ಎಷ್ಟಾಗತ್ತೆ ಹೇಳಿ ಅನ್ನಿ.

ಫಾರಿನ್ನಲ್ಲಿ ಕಾರ್ಡ್ ಉಜ್ಜೋವಾಗ ಮಶೀನು "ನಿಮ್ಮ ದೇಶದ ಕರೆನ್ಸಿಯಲ್ಲಿ ಕಟ್ತೀರಾ" ಅಂತ ಕೇಳತ್ತೆ. ನೋಡೋಕೆ ಅನುಕೂಲ ಅನ್ಸತ್ತೆ, ಆದ್ರೆ ಆ ವಿನಿಮಯ ದರ ಅವ್ರು ಇಟ್ಟಿದ್ದು, ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನದಕ್ಕಿಂತ ದುಬಾರಿ. ಅಲ್ಲಿನ ಕರೆನ್ಸಿನೇ ಒತ್ತಿ. ಟಿಪ್ಸ್ ವಿಷ್ಯ ದೇಶಕ್ಕೊಂದು ಥರ, ಹೊರಡೋ ಮುಂಚೆ ಒಂದ್ಸಲ ನೋಡ್ಕೊಂಡ್ರೆ ಸಾಕು, ಆದ್ರೆ ಬಿಲ್ಲಲ್ಲೇ ಸರ್ವಿಸ್ ಸೇರಿದ್ರೆ ಮತ್ತೆ ಎರಡನೇ ಸಲ ಕೊಡೋ ಅಗತ್ಯ ಇಲ್ಲ.

ರಸ್ತೆ ಬದಿ ಗಾಡೀಲಿ ತಿಂದ್ರೆ ಹೊಟ್ಟೆ ಕೆಡಲ್ವಾ?

ಗಾಡಿ ಅಂತ ಹೆದ್ರೋ ಬದ್ಲು ಬಿಸಿ ಇದ್ಯಾ ಅಂತ ನೋಡಿ. ನಿಮ್ಮ ಕಣ್ಣೆದುರೇ ಬಾಣಲೆಯಿಂದಲೋ ಹೆಂಚಿಂದಲೋ ಸೀದಾ ತಟ್ಟೆಗೆ ಬರೋ ತಿಂಡಿ, ದೊಡ್ಡ ಹೋಟ್ಲಲ್ಲಿ ಗಂಟೆಗಟ್ಲೆ ಉಗುರುಬೆಚ್ಚಗೆ ಕೂತಿರೋ ಬಫೆಗಿಂತ ಎಷ್ಟೋ ವಾಸಿ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಅಂತ ಐದು ಸೂತ್ರ ಕೊಟ್ಟಿದೆ, ಅದ್ರ ಪ್ರಕಾರ ಅಡುಗೆ ಒಳಗಿನ ತನಕ 70 ಡಿಗ್ರಿ ಸೆಲ್ಸಿಯಸ್ ಬಿಸಿ ಆಗ್ಬೇಕು, ಮಾಡಿಟ್ಟ ಅಡುಗೆ ಬಡಿಸೋ ತನಕ 60 ಡಿಗ್ರಿ ಮೇಲಿರ್ಬೇಕು ಇಲ್ಲಾ 5 ಡಿಗ್ರಿ ಕೆಳಗಿರ್ಬೇಕು, ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಇಡಬಾರ್ದು. ಥರ್ಮಾಮೀಟರ್ ಹಿಡ್ಕೊಂಡು ಯಾರೂ ಓಡಾಡಲ್ಲ ಬಿಡಿ, ಹಬೆ ಆಡ್ತಿದ್ಯಾ ನೋಡಿದ್ರೆ ಸಾಕು.

ಜನ ಜಾಸ್ತಿ ಇರೋ ಗಾಡಿನೇ ಆರ್ಸಿ, ಅಲ್ಲಿ ಸಾಮಾನು ಉಳಿಯೋದೇ ಇಲ್ಲ, ಹೊಸದಾಗಿ ಮಾಡ್ತಾನೇ ಇರ್ತಾರೆ. ದುಡ್ಡು ಮುಟ್ಟೋ ಕೈ, ಊಟ ಮುಟ್ಟೋ ಕೈ ಬೇರೆ ಇದ್ಯಾ, ತಟ್ಟೆ ಎಂಥ ನೀರಲ್ಲಿ ತೊಳೀತಿದಾರೆ, ಇಷ್ಟು ಗಮನ್ಸಿ. ನನ್ನ ಭಯ ಬಿಸಿ ತಿಂಡಿಗಿಂತ ಪಕ್ಕದಲ್ಲಿರೋ ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಐಸು ಇವುಗಳದ್ದೇ. ನೀರು ಸರಿ ಇಲ್ಲದ ಊರಲ್ಲಿ ಹೊಟ್ಟೆ ಕೆಡೋದು ಬಹಳ ಸಲ ಇವುಗಳಿಂದ್ಲೇ. ಹಣ್ಣು ಬೇಕಂದ್ರೆ ಇಡೀದು ತಗೊಂಡು ನೀವೇ ಸಿಪ್ಪೆ ಸುಲಿದು ತಿನ್ನಿ.

ಕೆಲವು ಊರಲ್ಲಿ ಸ್ವಚ್ಛತೆಗೆ ಮಾರ್ಕ್ಸ್ ಕೊಟ್ಟು ಬಾಗಿಲಿಗೆ ಅಂಟಿಸೋ ಪದ್ಧತಿ ಇದೆ, ನ್ಯೂಯಾರ್ಕ್ ಸಿಟಿಲಿ 2010ರಿಂದ ಎ, ಬಿ, ಸಿ ಅಂತ, ಇಂಗ್ಲೆಂಡಲ್ಲಿ 0ಯಿಂದ 5ರ ತನಕ ಅಂಕಿ. ಅದು ಅಡುಗೆಮನೆಯ ಶುಚಿಗೆ ಮಾತ್ರ ಸಿಕ್ಕ ಮಾರ್ಕ್ಸು, ರುಚಿಗಲ್ಲ.

ಭಾಷೆ ಬರಲ್ಲ, ಮೆನು ಓದೋಕಾಗಲ್ಲ

ಫೋನಿನ ಕ್ಯಾಮೆರಾ ಟ್ರಾನ್ಸ್‌ಲೇಟ್ ಇದೆಯಲ್ಲ, ಹೊರಡೋ ಮುಂಚೆ ಆ ಭಾಷೆ ಡೌನ್‌ಲೋಡ್ ಮಾಡಿಟ್ಕೊಳ್ಳಿ, ನೆಟ್‌ವರ್ಕ್ ಇಲ್ಲದಿದ್ರೂ ನಡೆಯತ್ತೆ. ತರ್ಜುಮೆ ಒಂದೊಂದ್ಸಲ ವಿಚಿತ್ರವಾಗಿರತ್ತೆ, "ಹುರಿದ ಅಜ್ಜಿ" ಅಂತೆಲ್ಲ ಬಂದ್ರೆ ಗಾಬರಿ ಆಗ್ಬೇಡಿ. ನಮಸ್ಕಾರ, ಥ್ಯಾಂಕ್ಸ್, ಎಷ್ಟು, ತುಂಬಾ ಚೆನ್ನಾಗಿತ್ತು, ಈ ನಾಲ್ಕು ಮಾತು ಅವ್ರ ಭಾಷೇಲಿ ಕಲ್ತ್ಕೊಂಡು ಹೋದ್ರೆ ಸಪ್ಲೈಯರ್ ಮುಖನೇ ಬದಲಾಗತ್ತೆ.

ನಾನು ವೆಜ್ಜು, ಇಲ್ಲಾ ನಂಗೆ ಅಲರ್ಜಿ ಇದೆ, ಏನ್ಮಾಡ್ಲಿ?

ವೆಜ್ ಅನ್ನೋ ಪದದ ಅರ್ಥ ಎಲ್ಲಾ ಕಡೆ ಒಂದೇ ಅಲ್ಲ. ತುಂಡು ಕಾಣಿಸ್ದಿದ್ರೆ ವೆಜ್ಜೇ ಅಂದ್ಕೊಂಡಿರೋ ಅಡುಗೆಯೋರು ಇದಾರೆ, ಸೂಪಿನ ನೀರು ಮಾಂಸ ಬೇಯಿಸಿದ್ದೇ ಆಗಿರತ್ತೆ, ಸಾಸಲ್ಲಿ ಮೀನಿರತ್ತೆ. ಅದಕ್ಕೇ "ನಾನು ವೆಜ್" ಅಂತ ಹೇಳಿ ಸುಮ್ಮನಾಗದೇ ಏನೇನು ತಿನ್ನಲ್ಲ ಅಂತ ಬಿಡಿಸಿ ಆ ಭಾಷೇಲಿ ಬರೆಸಿಟ್ಕೊಂಡ ಒಂದು ಚೀಟಿ ಜೇಬಲ್ಲಿರ್ಲಿ, ಅದನ್ನ ಒಳಗೆ ಅಡುಗೆಯೋರಿಗೇ ತೋರ್ಸೋಕೆ ಹೇಳಿ.

ಅಲರ್ಜಿ ಇದ್ರೆ ಇದು ಇನ್ನೂ ಸೀರಿಯಸ್ಸು, ಆಪಿನ ತರ್ಜುಮೆ ನಂಬ್ಬೇಡಿ, ಭಾಷೆ ಬಲ್ಲೋರ ಹತ್ರನೇ ಬರೆಸಿ. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ ಡಿಸೆಂಬರ್ 2014ರಿಂದ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಹೋಟ್ಲಿನವರೂ ಕೊಡ್ಲೇಬೇಕು ಅಂತ ನಿಯಮ ಇದೆ, ಕೇಳೋಕೆ ಸಂಕೋಚ ಬೇಡ. ಸರಿಯಾದ ಉತ್ತರ ಸಿಗ್ಲಿಲ್ಲ ಅಂದ್ರೆ ಅಲ್ಲಿ ತಿನ್ಬೇಡಿ, ರುಚಿ ಎಷ್ಟೇ ಇರ್ಲಿ.

ಬಸ್ಸಿನವ್ರು ನಿಲ್ಸೋ ಹೋಟ್ಲು, ಏರ್‌ಪೋರ್ಟ್, ಸ್ಟೇಷನ್ನು?

ಬಸ್ ಯಾಕೆ ಅಲ್ಲೇ ನಿಲ್ಲತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು, ಡ್ರೈವರು ಕಂಡಕ್ಟರಿಗೆ ಊಟ ಬಿಟ್ಟಿ. ಅವ್ರು ಏನು ತಿಂತಿದಾರೋ ಅದನ್ನೇ ಕೇಳಿ ನೋಡಿ, ದಿನಾ ಬರೋ ಗಿರಾಕಿ ಅಲ್ಲಿ ಅವ್ರೇ ತಾನೆ. ಸ್ವಂತ ಗಾಡಿ ಇದ್ರೆ ಲಾರಿಗಳು ನಿಂತಿರೋ ಕಡೆ ನಿಲ್ಸಿ. ಏರ್‌ಪೋರ್ಟಿಗೆ ತಿಂದ್ಕೊಂಡೇ ಹೋಗಿ, ನೀರಿನ ಬಾಟ್ಲಿ ಖಾಲಿ ಮಾಡ್ಕೊಂಡು ಸೆಕ್ಯುರಿಟಿ ದಾಟಿ ಒಳಗಡೆ ತುಂಬ್ಸಿ. ಸ್ಟೇಷನ್ನಲ್ಲಿ ಟೈಮಿದ್ರೆ ಹೊರಗೆ ಬಂದು ರಸ್ತೆ ದಾಟಿ.

ಒಬ್ಬೊಬ್ರೇ ಹೋಗಿ ತಿನ್ನೋಕೆ ಮುಜುಗರ

ಕೌಂಟರ್ ಸೀಟಿರೋ ಕಡೆ ಕೂರಿ, ಅಡುಗೆ ನೋಡ್ತಾ ಹೊತ್ತು ಹೋಗತ್ತೆ. ರಶ್ ಆಗೋಕೆ ಅರ್ಧ ಗಂಟೆ ಮುಂಚೆ ಹೋದ್ರೆ ಯಾರೂ ಎಬ್ಬಿಸಲ್ಲ.

ಮಕ್ಕಳು, ವಯಸ್ಸಾದೋರು ಜೊತೇಲಿದ್ರೆ?

ಹುಡುಕಾಟ ಕಮ್ಮಿ ಮಾಡಿ. ಅಪ್ಪ ಅಮ್ಮನ್ನ ಬಿಸಿಲಲ್ಲಿ ನಡೆಸ್ಕೊಂಡು "ಇನ್ನೊಂದೇ ಬೀದಿ" ಅಂತ ಸುತ್ತಿಸಿದ್ರೆ ಎಂಥ ಊಟನೂ ರುಚಿಸಲ್ಲ. ರೂಮಿನ ಹತ್ರ ಎರಡು ಹೋಟ್ಲು ಮೊದಲೇ ನೋಡಿಟ್ಕೊಳ್ಳಿ, ಬಾತ್‌ರೂಮ್ ಹೇಗಿದೆ, ಮೆಟ್ಲು ಎಷ್ಟಿದೆ ಅನ್ನೋದನ್ನೂ ರಿವ್ಯೂ ಫೋಟೋದಲ್ಲಿ ನೋಡಿ. ಒಂದು ಕಡೆ ಚೆನ್ನಾಗಿತ್ತು ಅಂದ್ರೆ ಮರುದಿನನೂ ಅಲ್ಲಿಗೇ ಹೋಗಿ, ಎರಡನೇ ಸಲ ಹೋದಾಗ ಖಾರ ಕಮ್ಮಿ ಹಾಕಿ ಅಂದ್ರೆ ನೆನಪಿಟ್ಕೊಂಡು ಮಾಡ್ಕೊಡ್ತಾರೆ. ದಿನಾ ಹೊಸ ಜಾಗನೇ ಆಗ್ಬೇಕು ಅನ್ನೋ ಹಠ ಯಾಕೋ ನಂಗೆ ಅರ್ಥ ಆಗಲ್ಲ.

ಸುಸ್ತಾಗಿದೆ, ಡೆಲಿವರಿ ಆಪಲ್ಲಿ ತರಿಸ್ಕೊಂಡ್ರೆ?

ತರಿಸ್ಕೊಳ್ಳಿ, ಆದ್ರೆ ಆಪಲ್ಲಿ ಐಟಂ ರೇಟೇ ಬಹಳ ಸಲ ಹೋಟ್ಲಿಗಿಂತ ಜಾಸ್ತಿ ಇರತ್ತೆ, ಅದ್ರ ಮೇಲೆ ಡೆಲಿವರಿ, ಪ್ಯಾಕಿಂಗ್ ಬೇರೆ. ನಾನು ಆ ಆಪ್‌ನ ಹೋಟ್ಲು ಹುಡುಕೋಕೆ ಬಳಸ್ತೀನಿ, ಹೆಸರು ನೋಡ್ಕೊಂಡು ಮ್ಯಾಪಲ್ಲಿ ಹಾಕಿ ನಡ್ಕೊಂಡು ಹೋಗಿ ಪಾರ್ಸಲ್ ತರ್ತೀನಿ. ಕೂತು ತಿನ್ನೋ ಜಾಗನೇ ಇಲ್ಲದ ಬರೀ ಅಡುಗೆಮನೆಗಳೂ ಆಪಲ್ಲಿ ಇರ್ತಾವೆ, ಹೋಗಿ ಬಾಗಿಲು ತಟ್ಟೋ ಮುಂಚೆ ಮ್ಯಾಪಲ್ಲಿ ಒಳಗಿನ ಫೋಟೋ ಇದ್ಯಾ ನೋಡಿ.

ದಿನದ ಬಜೆಟ್ ಹೇಗೆ ಹಂಚ್ಕೊಳ್ಳೋದು?

ಮೂರು ಹೊತ್ತೂ ಹೋಟ್ಲಲ್ಲೇ ಕೂತು ತಿನ್ಬೇಕು ಅಂತೇನಿಲ್ಲ. ಒಂದು ಹೊತ್ತು ಚೆನ್ನಾಗಿ ಕೂತು ತಿನ್ನಿ, ಒಂದು ಹೊತ್ತು ಗಾಡಿನೋ ಕ್ಯಾಂಟೀನೋ, ಇನ್ನೊಂದು ಹೊತ್ತಿಗೆ ಬೇಕರಿ, ಸೂಪರ್‌ಮಾರ್ಕೆಟ್. ಸೂಪರ್‌ಮಾರ್ಕೆಟಲ್ಲಿ ಮಾಡಿಟ್ಟ ಊಟದ ಪ್ಯಾಕೆಟ್ಟಿಗೆ ರಾತ್ರಿ ಅಂಗಡಿ ಮುಚ್ಚೋ ಮುಂಚೆ ರೇಟ್ ಇಳಿಸೋದು ಬಹಳ ದೇಶಗಳಲ್ಲಿದೆ, ಬೇಕರಿಗಳೂ ಹಾಗೇ ಮಾಡ್ತಾವೆ. ರೂಮ್ ಬುಕ್ ಮಾಡೋವಾಗ ತಿಂಡಿ ಸೇರಿಸ್ಬೇಕಾ ಅಂತ ಕೇಳಿದ್ರೆ ಅದಕ್ಕೆ ಎಷ್ಟು ಜಾಸ್ತಿ ಅಂತ ನೋಡಿ, ಬೆಳಿಗ್ಗೆ ಬೇಗ ಹೊರಡೋರಿಗೆ ಅದು ದಂಡ. ಕುಡಿಯೋದನ್ನೂ ಲೆಕ್ಕ ಇಡಿ, ಊಟಕ್ಕಿಂತ ಜ್ಯೂಸು, ಸೋಡಾ, ಬಿಯರ್ ಇವೇ ಬಿಲ್ಲನ್ನ ಏರ್ಸೋದು.

ಕೂತು ಮೆನು ನೋಡಿದ್ಮೇಲೆ ಇದು ಬೇಡ ಅನ್ಸಿದ್ರೆ ಎದ್ದು ಹೋಗ್ಬಹುದಾ?

ಆರ್ಡರ್ ಕೊಟ್ಟಿಲ್ಲ, ಟೇಬಲ್ ಮೇಲಿಂದ ಏನೂ ತಿಂದಿಲ್ಲ ಅಂದ್ರೆ ಧಾರಾಳವಾಗಿ. "ಸಾರಿ, ಆಮೇಲೆ ಬರ್ತೀವಿ" ಅಂತ ಹೇಳಿ ಎದ್ಬಿಡಿ. ನೀರಿನ ಬಾಟ್ಲಿ ತೆಗೆದಿದ್ರೆ ಅಷ್ಟಕ್ಕೆ ದುಡ್ಡು ಕೊಡಿ. ಸಪ್ಲೈಯರ್ ಏನಂದ್ಕೋತಾನೋ ಅಂತ ಸಂಕೋಚಕ್ಕೆ ಕೂತು ದುಬಾರಿ ಊಟ ಮಾಡೋರೇ ಜಾಸ್ತಿ, ಅವ್ನಿಗೆ ನೀವು ಹೋದ ಎರಡು ನಿಮಿಷಕ್ಕೆ ನಿಮ್ಮ ಮುಖನೂ ನೆನಪಿರಲ್ಲ.